ತಿಪ್ಪಣ್ಣನಿಗೆ ಅರ್ಥವಾದ ಪ್ರಶ್ನೆ

ತಿಪ್ಪಣ್ಣ ಮೂವತ್ತೈದು ವರ್ಷ ಮುರ್ಮುಗಾಂವ್ ಬಂದರಿನಲ್ಲಿ ದುಡಿದ. ಹಡಗಿನ ಮೇಲೆ ನಿಂತು ಕ್ರೇನ್ ನಡೆಸುವವನಿಗೆ ಕೈಸನ್ನೆ ತೋರಿಸುವ ಕೆಲಸ. ವಿಜಯಪುರದ ಕಡೆಯಿಂದ ಪ್ರಾಯದಲ್ಲೇ ಬಂದವನು ಅಲ್ಲೇ ಹತ್ತಿರದ ಮಂಗೋರ್ ಹಿಲ್‌ನಲ್ಲಿ ಮನೆ ಮಾಡಿ, ಶಾರದವ್ವನನ್ನು ಮದುವೆಯಾಗಿ, ಮಗಳು ಮಧುವನ್ನು ಓದಿಸಿದ. ನಿವೃತ್ತನಾದ ಎರಡನೇ ವರ್ಷ, ಬೆನ್ನುಮೂಳೆಗೆ ಕ್ಯಾನ್ಸರ್ ಹಬ್ಬಿರುವುದು ಗೊತ್ತಾಯಿತು. ವಾಸಿಯಾಗುವುದಿಲ್ಲ, ನೋವು ತಗ್ಗಿಸಬಹುದು ಎಂದರು ಡಾಕ್ಟರು. ಅಂದಿನಿಂದ ಗಂಡಹೆಂಡತಿ ಹದಿನೈದು ದಿನಕ್ಕೊಮ್ಮೆ ನೋವು ತಗ್ಗಿಸುವ ಆರೈಕೆಯ ಕ್ಲಿನಿಕ್ಕಿಗೆ ಹೋಗಿಬರುತ್ತಿದ್ದರು.

ಮಾತ್ರೆಗಳಿಂದ ನೋವು ಹಿಡಿತಕ್ಕೆ ಬಂತು. ಆದರೂ ತಿಪ್ಪಣ್ಣ ಮಂಚ ಬಿಟ್ಟೇಳಲಿಲ್ಲ. ಗೆಳೆಯರು ಇಸ್ಪೀಟಿಗೆ ಕರೆಯಲು ಬಂದರೆ ನಿದ್ದೆ ಹತ್ತಿದವನಂತೆ ಕಣ್ಣು ಮುಚ್ಚುತ್ತಿದ್ದ. ಇಂಥ ಜಡ್ಡಿನಲ್ಲಿ ಇದೆಲ್ಲ ಇರುವುದೇ ಎಂದುಕೊಂಡಳು ಶಾರದವ್ವ.

ಕ್ಲಿನಿಕ್ಕಿನಲ್ಲಿ ಧಾರವಾಡದ ಅಂಬಿಕಾ ಎಂಬ ನರ್ಸ್ ಇದ್ದಳು. ಪ್ರತಿ ರೋಗಿಯ ಮನಸ್ಸಿನ ಬಗ್ಗೆಯೂ ಅವಳು ಎರಡು ಪ್ರಶ್ನೆ ಕೇಳಬೇಕಿತ್ತು. ಅಚ್ಚಾದ ಹಾಳೆ ನೋಡಿ ಓದಿದಳು: "ಕಳೆದ ಎರಡು ವಾರಗಳಲ್ಲಿ ನಿಮಗೆ ಖಿನ್ನತೆ ಉಂಟಾಗಿದೆಯೇ?"

"ಇಲ್ರಿ," ಎಂದ ತಿಪ್ಪಣ್ಣ.

"ಆಸಕ್ತಿ ಕುಂದಿದೆಯೇ?"

"ಅದೂ ಇಲ್ರಿ."

ಬರೆದುಕೊಂಡಳೇನೋ ನಿಜ. ಆದರೆ ಉತ್ತರಿಸುವ ಮೊದಲು ಅವನು ಹೆಂಡತಿಯ ಮುಖ ನೋಡಿದ್ದನ್ನು ಅವಳು ಗಮನಿಸಿದ್ದಳು. ಮುಂದಿನ ಸಲ ಶಾರದವ್ವನನ್ನು ಔಷಧಿ ತರಲು ಕಳಿಸಿ, ಹಾಳೆಯನ್ನು ಬದಿಗಿಟ್ಟು ಕೇಳಿದಳು: "ಕಾಕಾ, ಜೀವಕ್ಕ ಬ್ಯಾಸರ ಆಗೇದೇನ್ರಿ?"

ಹೆಂಡತಿ ಬಂದಳೇನೋ ಎಂದು ತಿಪ್ಪಣ್ಣ ಬಾಗಿಲ ಕಡೆ ನೋಡಿದ. "ಹೌದವಾ. ಬೆಳಕ ಹರದ್ರ ಯಾಕರ ಹರೀತೋ ಅನಸ್ತೈತಿ. ಅಕಿ ನನ್ನ ಎತ್ತಿ ಕೂಡಸ್ತಾಳ, ಉಣಸ್ತಾಳ. ಅಕಿ ಮುಂದ ಹೆಂಗ ಹೇಳ್ಲಿ?"

"ಸಾಯಬೇಕು ಅಂತ ಅನಸ್ತದೇನ್ರಿ?"

"ಹಂಗೇನಿಲ್ಲ. ಯಾವುದೂ ಬ್ಯಾಡ ಅನಸ್ತೈತಿ, ಅಷ್ಟ."

"ಮತ್ತ ಹ್ವಾದ ಸಲ ಇಲ್ಲ ಅಂದ್ರಿ?"

"ನೀ ಯಾವುದೋ ಹೊಸಾ ಜಡ್ಡಿನ ಹೆಸರು ಹೇಳಾಕತ್ತಿ ಅನ್ಕೊಂಡೆ. ಇದ್ದದ್ದ ಸಾಕಾಗೇತಿ, ಇನ್ನೊಂದ್ಯಾಕ ಅಂತ ಇಲ್ಲ ಅಂದೆ."

ಅಂಬಿಕಾ ನಕ್ಕುಬಿಟ್ಟಳು. ತಿಪ್ಪಣ್ಣನೂ ನಕ್ಕ.

ಅವಳು ಕರೆದ ಮೇಲೆ ಡಾಕ್ಟರು ಬಂದು ಕೂತು ಉಳಿದ ಪ್ರಶ್ನೆಗಳನ್ನು ಕೇಳಿದರು. ಇದು ಕ್ಯಾನ್ಸರಿನ ದಣಿವಷ್ಟೇ ಅಲ್ಲ, ಇದಕ್ಕೆ ಬೇರೆ ಔಷಧಿ ಇದೆ ಎಂದು ಒಂದು ಮಾತ್ರೆ ಬರೆದರು. ಅವನು ಒಪ್ಪಿದ ಮೇಲೆ ಶಾರದವ್ವನಿಗೂ ವಿಷಯ ತಿಳಿಸಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಮೂರು ತಿಂಗಳಿಂದ ನನ್ನ ಮ್ಯಾಲೆ ಸಿಟ್ಟಾಗ್ಯಾರ ಅನ್ಕೊಂಡಿದ್ನಲ್ರಿ ನಾ!" ಎಂದಳು.

ಮೊದಲ ಎರಡು ವಾರ ಏನೂ ಬದಲಾಗಲಿಲ್ಲ. ಮಾತ್ರೆ ಬಿಡುತ್ತೇನೆಂದು ತಿಪ್ಪಣ್ಣ ಹಟ ಹಿಡಿದ. ವಾರಕ್ಕೊಮ್ಮೆ ಫೋನ್ ಮಾಡಿ ಮಾತಾಡಿಸುತ್ತಿದ್ದ ಅಂಬಿಕಾ, ಇನ್ನಷ್ಟು ದಿನ ತಾಳಿರೆಂದು ಒಪ್ಪಿಸಿದಳು. ಐದನೇ ವಾರ ಅವನೇ ಕೋಲು ಕೇಳಿ ಪಡೆದು, ಇಸ್ಪೀಟಿನ ಕಟ್ಟೆಗೆ ಹೋದ. ಸೋತು, ಜಗಳವಾಡಿ ಬಂದ. ಶಾರದವ್ವನಿಗೆ ಆ ಜಗಳ ಕೇಳಿಯೇ ಖುಷಿ.

ಬೆನ್ನಿನ ಕಾಯಿಲೆ ಇದ್ದೇ ಇದೆ. ಅದು ತಿಪ್ಪಣ್ಣನಿಗೂ ಗೊತ್ತು. ಮಧುವಿಗೆ ಕುಂಡಯಿಯ ಕಾರ್ಖಾನೆಯಲ್ಲಿ ಕೆಲಸ. ಹೋದ ಭಾನುವಾರ ಕಾರು ಮಾಡಿಕೊಂಡು ಬಂದು ಇಬ್ಬರನ್ನೂ ತನ್ನ ಬಾಡಿಗೆ ಮನೆಗೆ ಕರೆದೊಯ್ದಳು. ತಿಪ್ಪಣ್ಣ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಮಾತಾಡಿದ. ಮಗಳು ಬಡಿಸಿದ ಬದನೆಕಾಯಿ ಪಲ್ಯವನ್ನು ಇನ್ನೊಮ್ಮೆ ಹಾಕಿಸಿಕೊಂಡು, "ಉಪ್ಪು ಸ್ವಲ್ಪ ಕಡಿಮಿ ಆಗೇತಿ," ಎಂದ.