ಮೌನಿ ಬರೆಯದ ನಾಲ್ಕು ಸಾಲು

ಹಾಡು ರೆಕಾರ್ಡ್ ಮಾಡುವ ಸ್ಟುಡಿಯೋ ಒಂದರಲ್ಲಿ ನಾನು ಹದಿನೆಂಟು ವರ್ಷ ಗುಡಿಸಿ ಒರೆಸುವ ಕೆಲಸ ಮಾಡಿದೆ. ಅಲ್ಲಿ ಮಿಕ್ಸಿಂಗ್ ಮಾಡುತ್ತಿದ್ದವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಒಬ್ಬೊಬ್ಬರು ಬೇರೆ ಬೇರೆಯಾಗಿ ಹಾಡಿದ್ದನ್ನು, ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ಹದವಾಗಿ ಬೆರೆಸಿ ಒಂದು ಹಾಡು ಮಾಡುವುದು ಅವನ ಕೆಲಸ. ದಿನಕ್ಕೆ ಹತ್ತು ಮಾತಾಡಿದರೆ ಅವನ ಮಟ್ಟಿಗೆ ಅದೇ ಭಾಷಣ. ಮದುವೆಯಾಗಿರಲಿಲ್ಲ. ಇಸ್ತ್ರಿ ಅಂಗಡಿಯ ಮೇಲೊಂದು ಕೋಣೆ, ಒಂದು ತಟ್ಟೆ, ಒಂದು ಲೋಟ. ತಾಯಿ ತೀರಿಕೊಂಡ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಅವನ ಪಕ್ಕದಲ್ಲಿ ಕೂರುತ್ತಿದ್ದವನು ಕತ್ತರಿ. ಹಾಡಿನ ನಡುವೆ ಬಂದ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಹಾಡುವವರು ಎಳೆದುಕೊಳ್ಳುವ ಉಸಿರು, ಇವನ್ನೆಲ್ಲ ಹುಡುಕಿ ಹುಡುಕಿ ಕತ್ತರಿಸುವವನು. ಒಂದೊಂದು ದನಿಗೆ, ಒಂದೊಂದು ವಾದ್ಯಕ್ಕೆ ಒಂದೊಂದರಂತೆ ಹಾಡಿಗೆ ನಲವತ್ತು ಐವತ್ತು ಟ್ರ್ಯಾಕ್ ಇರುತ್ತಿದ್ದವು. ಪ್ರತಿಯೊಂದಕ್ಕೂ ಹೆಸರು ಬರೆದು ಬಣ್ಣ ಹಾಕುವುದೂ ಅವನ ಪಾಲಿಗೇ. ಮೌನಿ ಎಷ್ಟು ಸುಮ್ಮನೋ ಕತ್ತರಿ ಅಷ್ಟು ವಾಚಾಳಿ.

"ಅಜ್ಜಿ, ಇವನ ಬಾಯಲ್ಲೂ ಒಂಚೂರು ಗುಡಿಸಿ. ಮಾತೆಲ್ಲ ಮೂಲೇಲಿ ಕೂತು ಧೂಳು ಹಿಡಿದಿದೆ" ಎನ್ನುತ್ತಿದ್ದ. ಮೌನಿ ನಗುತ್ತಿದ್ದುದು ಆಗ ಮಾತ್ರ.

ಹದಿನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಕತ್ತರಿಯ ಮಣಿಕಟ್ಟು ಊದಿಕೊಳ್ಳತೊಡಗಿತು. ದಿನವಿಡೀ ಮೌಸ್ ಒತ್ತಿ ಒತ್ತಿ ಬಂದ ನೋವು. ಬಟ್ಟೆ ಸುತ್ತಿಕೊಂಡು ಬರುತ್ತಿದ್ದ. ಮೌನಿ ಅದನ್ನು ದಿನವೂ ನೋಡುತ್ತಿದ್ದ. ಆಮೇಲೆ ಮೂರು ವಾರ ಊಟದ ಬಿಡುವಿನಲ್ಲೆಲ್ಲ ಏನೋ ಟೈಪ್ ಮಾಡುತ್ತಾ ಕೂತ. ನಾನು ಕೇಳಿದ್ದಕ್ಕೆ, "ಸ್ಕ್ರಿಪ್ಟ್ ಅಮ್ಮ. ಕಂಪ್ಯೂಟರಿಗೆ ಹಿಂಗ್ ಮಾಡು, ಹಂಗ್ ಮಾಡು ಅಂತ ಬರೆದಿಡೋದು. ಆಮೇಲೆ ಅದೇ ಮಾಡ್ಕೊಳುತ್ತೆ" ಎಂದ.

ಒಂದು ಬೆಳಿಗ್ಗೆ ಕತ್ತರಿಯನ್ನು ಕರೆದು ಒಂದು ಗುಂಡಿ ಒತ್ತಿ ತೋರಿಸಿದ. ನಲವತ್ತು ಟ್ರ್ಯಾಕಿಗೂ ತಾನಾಗಿಯೇ ಹೆಸರು ಬಂತು, ಬಣ್ಣ ಬಂತು. ಇನ್ನೊಂದು ಒತ್ತಿದ. ಗೊತ್ತುಮಾಡಿದ ಮಟ್ಟಕ್ಕಿಂತ ಸಣ್ಣದಾಗಿದ್ದ ಸದ್ದೆಲ್ಲ, ಉಸಿರೂ ಸೇರಿ, ಮಾಯ.

"ಅಯ್ಯೋ ನಿನ್ನ! ಇನ್ನು ನಾನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತ್ಕೋಬಹುದು" ಎಂದು ಕತ್ತರಿ ಅವನ ಬೆನ್ನಿಗೆ ಗುದ್ದಿದ. ಮೌನಿಯ ಮುಖ ಅವತ್ತು ಇಷ್ಟಗಲ ಆಗಿತ್ತು.

ಕಾಲ ಮೇಲೆ ಕಾಲು ಹಾಕಿ ಕೂತವನು ಸ್ಟುಡಿಯೋ ಯಜಮಾನರ ಕಣ್ಣಿಗೂ ಬಿದ್ದ. ಎರಡು ತಿಂಗಳಿಗೆಲ್ಲ, ಒಬ್ಬರು ಸಾಕು ಎಂದುಬಿಟ್ಟರು. ಕತ್ತರಿ ತನ್ನ ಹೆಡ್‌ಫೋನನ್ನು ಚೀಲಕ್ಕೆ ಹಾಕಿಕೊಂಡು, ಮೌನಿಯ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದ. ನನಗೆ ಮಾತ್ರ, "ಒಳ್ಳೇ ಕೆಲಸ ಮಾಡ್ದ ಅಜ್ಜಿ, ನಿಮ್ಮ ಮೌನಿ" ಎಂದ.

ಒಂದು ವರ್ಷ ಮೌನಿ ಒಬ್ಬನೇ ಕೂತ. ಕೆಲಸ ಬೇಗ ಮುಗಿಯುತ್ತಿತ್ತು. ಮುಗಿದ ಮೇಲೂ ಮನೆಗೆ ಹೋಗುತ್ತಿರಲಿಲ್ಲ. ನಾನು ಒರೆಸುತ್ತಾ ಬಂದರೆ ಕಾಲೆತ್ತಿ ಜಾಗ ಬಿಡುತ್ತಿದ್ದ, ಅಷ್ಟೇ. ಒಂದೊಂದು ದಿನ ನಾನೇ ಬೇಕೆಂದು ಬಕೆಟ್ಟು ಸದ್ದು ಮಾಡುತ್ತಿದ್ದೆ. ಆ ಕೋಣೆಯಲ್ಲಿ ಮನುಷ್ಯರ ಸದ್ದು ಅಂತ ಒಂದಿರಲಿ ಎಂದು.

ಒಮ್ಮೆ ಒಬ್ಬ ಹಾಡುಗಾರ್ತಿ ತನ್ನ ಹಾಡು ಕೇಳಲು ಬಂದಳು. ಮುಗಿದ ಮೇಲೆ ತಣ್ಣಗೆ ಅಂದಳು: "ಇದರಲ್ಲಿ ನಾನು ಉಸಿರೇ ಆಡಲ್ವಲ್ರೀ. ಸತ್ತೋಳು ಹಾಡಿದ ಹಾಗಿದೆ."

ಯಜಮಾನರು ಕಂಗಾಲಾದರು. ಕತ್ತರಿ ಇದ್ದಾಗ ಕೆಲವು ಉಸಿರನ್ನು ಬೇಕೆಂದೇ ಕತ್ತರಿಸದೆ ಬಿಡುತ್ತಿದ್ದ, ಯಾವುದನ್ನು ಎಂದು ಅವನಿಗೇ ಗೊತ್ತು ಎಂದು ಮೌನಿ ಹೇಳಿದ. ಅವರ ಮುಂದೆ ಅಷ್ಟು ಉದ್ದದ ಮಾತನ್ನು ಅವನು ಆಡಿದ್ದು ಅದೇ ಮೊದಲು. "ಹಾಗಾದ್ರೆ ವಾಪಸ್ ಬರೋಕೆ ಹೇಳ್ರೀ" ಎಂದರು ಅವರು.

ಕತ್ತರಿ ಕಿವಿ ಕೇಳದವರಿಗೆ ಮಷಿನ್ ಮಾರುವ ಅಂಗಡಿ ಸೇರಿದ್ದ. ಒಬ್ಬನೇ ಹೋಗಲು ಮೌನಿಗೆ ಧೈರ್ಯ ಸಾಲಲಿಲ್ಲ.

"ಅಮ್ಮ, ನಿಮ್ಮ ಕಿವಿ ತೋರಿಸೋ ನೆಪದಲ್ಲಿ ಹೋಗೋಣ."

"ನನ್ನ ಕಿವಿಗೇನಾಗಿದೆಯೋ? ಆಚೆ ಮನೇಲಿ ಪಾತ್ರೆ ಬಿದ್ರೆ ಯಾವ ಪಾತ್ರೆ ಅಂತ ಹೇಳ್ತೀನಿ!"

ಆದರೂ ಹೋದೆ. ಮೌನಿ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಬಸ್ಸಿನಲ್ಲಿ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

ಕತ್ತರಿ ನಮ್ಮನ್ನು ನೋಡಿ ನನಗೊಬ್ಬಳಿಗೇ ಕುರ್ಚಿ ಎಳೆದ. "ಏನಜ್ಜಿ, ಕಿವಿ ಮಂದವಾ? ಮೂಗರ ಜೊತೆ ಓಡಾಡಿದ್ರೆ ಹಂಗೇ, ಕಿವಿಗೆ ಕೆಲಸ ಇಲ್ದೆ ತುಕ್ಕು ಹಿಡಿಯುತ್ತೆ."

"ಅಮ್ಮ, ಅವನ ಕೈ ನೋವು ಹೇಗಿದೆ ಕೇಳಿ" ಎಂದ ಮೌನಿ.

"ವಾಸಿಯಾಯ್ತು ಅಂತ ಹೇಳಿ ಅಜ್ಜಿ. ಕೆಲಸ ಕಿತ್ಕೊಂಡ್ರೆ ವಾಸಿ ಆಗ್ಲೇಬೇಕಲ್ಲ."

"ಥೂ, ನಿಮ್ಮಿಬ್ಬರ ನಡುವೆ ನಾನೇನು ಅಂಚೆಯವಳಾ?" ಎಂದು ಗದರಿದೆ. "ನಿನ್ನ ಕೈ ಊದಿದ್ದು ನೋಡಕ್ಕಾಗ್ದೆ ಬರೆದನಪ್ಪ ಅವನು. ಮೂರು ವಾರ ಊಟ ಬಿಟ್ಟು. ಈಗ ಹಾಡಲ್ಲಿ ಉಸಿರೇ ಇಲ್ಲ ಅಂತ ಹಾಡಿದೋಳು ಬೈದಿದಾಳೆ."

ಕತ್ತರಿ ತನ್ನ ಮಣಿಕಟ್ಟು ನೋಡಿಕೊಂಡ. ಆಮೇಲೆ ಕೈ ಚಾಚಿ, "ಹಾಡು ತಂದಿದೀಯಾ?" ಎಂದು ನೇರವಾಗಿ ಅವನನ್ನೇ ಕೇಳಿದ. ಕತ್ತರಿಸುವ ಮುಂಚಿನ ಹಾಡು ಮೌನಿಯ ಫೋನಿನಲ್ಲಿತ್ತು. ಕತ್ತರಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ. "ಉದ್ದ ಸಾಲು ಬರೋ ಮುಂಚಿನ ಉಸಿರು ಕತ್ತರಿಸದೆ ಹಂಗೇ ಬಿಡು. ಇವಳು ದೂರ ಹೊರಟಿದಾಳೆ ಅಂತ ಕೇಳೋರಿಗೆ ಗೊತ್ತಾಗ್ಬೇಕು. ಗಿಡ್ಡ ಸಾಲಿಂದು ಕತ್ತರಿಸು. ಅಷ್ಟೇ ಕಣೋ ಗುಟ್ಟು. ಬರ್ಕೊ, ಸ್ಕ್ರಿಪ್ಟಿಗೆ ಹಾಕು."

"ಬೇಡ. ನೀನೇ ಬಾ. ಯಜಮಾನ್ರು ಕರೀತಿದಾರೆ."

ಕತ್ತರಿ ನಕ್ಕ. ಹಳೆಯ ನಗುವೇ. "ಕೋಪ ಎಲ್ಲ ಇವತ್ತಿಗೆ ಹೋಯ್ತು ಮಾರಾಯ. ಆದ್ರೆ ಬರಲ್ಲ. ನಿನ್ನೆ ಒಬ್ಬ ಮುದುಕ ಮಷಿನ್ ಹಾಕ್ಕೊಂಡು ಹೆಂಡ್ತಿ ಬೈಯೋದು ಕೇಳಿ ಅತ್ತೇಬಿಟ್ಟ. ಹತ್ತು ವರ್ಷ ಆಗಿತ್ತಂತೆ ಕೇಳಿ. ಅದನ್ನ ಬಿಟ್ಟು ಮತ್ತೆ ಕೆಮ್ಮು ಹುಡುಕ್ಕೊಂಡು ಕೂರ್ಲಾ?"

ಅಷ್ಟರಲ್ಲಿ ಗಿರಾಕಿ ಬಂದರು. ಕತ್ತರಿ ಅವರ ಕಡೆ ಹೋದ. ಹೋಗುತ್ತಲೇ, "ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ ಅಜ್ಜಿ, ಹೊರಡಿ" ಎಂದ.

ಬಸ್ಸಿಗೆ ಕಾಯುವಾಗ ಮೌನಿ ತಾನಾಗಿಯೇ ಮಾತಾಡಿದ. "ಕೋಪ ಇದ್ದಿದ್ರೇ ಚೆನ್ನಾಗಿತ್ತಮ್ಮ. ಅದು ಇಳಿಯೋವರೆಗೂ ಕಾಯಬಹುದಿತ್ತು."

ನಾನು ಸೆರಗಿನ ಗಂಟಿನಿಂದ ಬಸ್ಸಿನ ಚಿಲ್ಲರೆ ತೆಗೆದೆ. ಅದನ್ನು ಎಣಿಸುತ್ತಾ, "ಅವನು ಹೇಳಿದ್ದನ್ನ ಸ್ಕ್ರಿಪ್ಟಿಗೆ ಹಾಕೋಕೆ ಬರುತ್ತಾ?" ಎಂದೆ.

"ನಾಲ್ಕು ಸಾಲು. ಅಷ್ಟು ಸಾಕು."

ಮರುದಿನ ನಾನು ನೆಲ ಒರೆಸುತ್ತಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತು, "ಬರಲ್ವಂತಾ? ಹೋಗ್ಲಿ, ಯಾವ ಉಸಿರು ಉಳಿಸ್ಬೇಕು ಅನ್ನೋದನ್ನೂ ಸ್ಕ್ರಿಪ್ಟಲ್ಲೇ ಬರೆದುಬಿಡಿ" ಎಂದರು.

"ಅದು ಬರೆಯೋಕೆ ಬರಲ್ಲ ಸರ್" ಎಂದ ಮೌನಿ. ಕಂಪ್ಯೂಟರಿನಿಂದ ಮುಖ ತಿರುಗಿಸಲಿಲ್ಲ. "ಕೈಯಲ್ಲೇ ಮಾಡ್ಬೇಕು. ಪ್ರತಿ ಹಾಡಿಗೆ ಅರ್ಧ ದಿನ ಹಿಡಿಯುತ್ತೆ."

ಅವನ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ಯಜಮಾನರು ಗೊಣಗಿಕೊಂಡು ಹೋದರು. ಮೌನಿ ಹೆಡ್‌ಫೋನ್ ಹಾಕಿಕೊಂಡು ಮೊದಲ ಉಸಿರು ಹುಡುಕಿದ, ಅದರ ಮುಂದಿನ ಸಾಲು ಎಷ್ಟು ಉದ್ದ ಎಂದು ಕಿವಿಗೊಟ್ಟು ಕೇಳಿದ, ಕತ್ತರಿಸದೆ ಬಿಟ್ಟ. ಎರಡನೆಯದಕ್ಕೆ ಹೋದ. ನಾನು ಆ ಕೆಲಸ ಬಿಡುವವರೆಗೂ ಅವನು ಹಾಗೆಯೇ ಒಬ್ಬನೇ ಕೂತು ಕತ್ತರಿಯ ಕೆಲಸವನ್ನು ಕೈಯಲ್ಲೇ ಮಾಡುತ್ತಿದ್ದ.