ಬಸ್ ಸ್ಟ್ಯಾಂಡಿನ ಬೆಳ್ಳಗಿನ ಹುಡುಗಿ

ನನ್ನ ಮೊಮ್ಮಗಳು ಕರ್ನಾಟಕದ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಸೇರಿದ್ದಾಳೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮೊನ್ನೆ ಬೆಳಿಗ್ಗೆ ಚಾಮರಾಜನಗರದಿಂದ ಅವಳ ಕೋಚು ಫೋನ್ ಮಾಡಿ, “ಅಜ್ಜಿ, ನಿಮ್ಮ ಹುಡುಗಿ ಸೆಲೆಕ್ಟ್ ಆದ್ಲು, ಮುಂದಿನ ವಾರ ಕ್ಯಾಂಪು” ಅಂದಾಗ ನಾನು ಹಸುವಿಗೆ ಮುಸುರೆ ಇಡುತ್ತಿದ್ದೆ. ಆ ಹಸುವಿಗೇ ಮೊದಲು ಹೇಳಿದೆ. ಆಮೇಲೆ ಸಕ್ಕರೆ ಡಬ್ಬಿ ಹಿಡಿದು ಹಂಗಳದ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋದೆ. ಮಾತು ಬಿಟ್ಟವರ ಮನೆಗೂ ಹೋಗಿ ಬಾಯಿಗೆ ಸಕ್ಕರೆ ಹಾಕಿ ಬಂದೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳೇ ಬೇಡ ಅಂದಿದ್ದಾಳೆ. ಯಾಕೆ ಬೇಡ ಅಂದಳು ಅನ್ನುವುದೇ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಅವಳು ಹುಟ್ಟಿದಾಗ ನೋಡಲು ಬಂದವರು ತೊಟ್ಟಿಲಿಗೆ ಬಗ್ಗಿ, ತಲೆಯೆತ್ತಿ ನನ್ನ ಮುಖ ನೋಡಿ, “ಅಜ್ಜಿ ಬಣ್ಣ ಬಂದ್ಬುಡ್ತಲ್ಲಾ” ಅಂದಿದ್ದರು. ನಾನು ಕಪ್ಪು. ನನ್ನ ಸೊಸೆ ಗೋಧಿ ಬಣ್ಣ, ಮಗ ಅಷ್ಟೇನೂ ಕಪ್ಪಲ್ಲ. ಈ ಕೂಸು ಅವರಿಬ್ಬರನ್ನೂ ದಾಟಿ ನೇರ ನನ್ನ ಹತ್ತಿರ ಬಂದು ಬಣ್ಣ ತೆಗೆದುಕೊಂಡಿತ್ತು. ನನಗೆ ಒಳಗೊಳಗೇ ಹಿಗ್ಗು. ನನ್ನದು ಅಂತ ಯಾರಾದರೂ ತೆಗೆದುಕೊಂಡದ್ದು ಅದೊಂದೇ.

ಗುಂಡ್ಲುಪೇಟೆಯ ಹೈಸ್ಕೂಲಿಗೆ ಸೇರಿದ ಮೇಲೆ ಅವಳಿಗೆ ಚೆಂಡಿನ ಹುಚ್ಚು ಹಿಡಿಯಿತು. ಸಂಜೆ ಹೊತ್ತು ಹೆಣ್ಣುಹುಡುಗಿಯನ್ನು ಒಬ್ಬಳನ್ನೇ ಮೈದಾನಕ್ಕೆ ಬಿಡುವುದು ಹೇಗೆ ಅಂತ ಮಗ ನನ್ನನ್ನು ಜೊತೆಗೆ ಕಳಿಸಿದ. ಕಾವಲಿಗೆ ಹೋದ ನಾನು ಆಟ ನೋಡಿ ನೋಡಿ ಅದರ ರುಚಿ ಹತ್ತಿಸಿಕೊಂಡೆ. ಮೈದಾನದ ಬದಿಯ ಹುಣಸೆ ಮರದ ಕೆಳಗೆ ದಿನಾ ಒಂದು ಗುಂಪು ಕೂರುತ್ತಿತ್ತು. ಈರುಳ್ಳಿ ಮಂಡಿಯ ಹಮಾಲಿಗಳು, ಲಾರಿಯವರು, ಕೇರಳದಿಂದ ಬಂದು ಇಲ್ಲೇ ಬೇರು ಬಿಟ್ಟ ಬೇಕರಿಯವನು. ಅವರಲ್ಲಿ ಒಬ್ಬ ಹಮಾಲಿಯ ಗಂಟಲು ದೊಡ್ಡದು. ಅವನು ಕೂಗಿದರೆ ಊಟಿ ರಸ್ತೆಯ ಲಾರಿಗಳಿಗೆ ಹಾರನ್ನೇ ಬೇಡ. ಅವರೆಲ್ಲ ನನಗೆ ಜಾಗ ಮಾಡಿಕೊಟ್ಟು, ಆಫ್‌ಸೈಡು ಅಂದರೆ ಏನು ಅಂತ ಕಡಲೆಕಾಯಿ ಜೋಡಿಸಿ ತೋರಿಸಿಕೊಟ್ಟರು.

ಆ ಗುಂಪಿಗೆ ನಮ್ಮ ಜಿಲ್ಲೆಯ ಪೇಪರಿನ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಕ್ರಿಕೆಟ್ಟಿಗೆ ಅರ್ಧ ಪುಟ, ಫುಟ್‌ಬಾಲಿಗೆ ಬೆರಳಗಲ. ಆ ಬೆರಳಗಲದಲ್ಲೂ ಉದ್ಘಾಟನೆ ಮಾಡಿದವರು ಯಾರು, ಅಧ್ಯಕ್ಷತೆ ಯಾರದು, ವೇದಿಕೆಯಲ್ಲಿ ಯಾರು ಯಾರು ಉಪಸ್ಥಿತರಿದ್ದರು, ಇಷ್ಟೇ. ಗೆದ್ದವರು ಯಾರು ಅಂತ ಹುಡುಕಬೇಕಿತ್ತು.

“ಗೋಲ್ ಹೊಡೆದವನ ಹೆಸರು ಇಲ್ಲ, ಹಾರ ಹಾಕಿಸಿಕೊಂಡವರ ಹೆಸರು ಎಲ್ಲಾ ಉಂಟು” ಅನ್ನುತ್ತಿದ್ದ ಬೇಕರಿಯವನು.

“ಮುಂದಿನ್ ಸತಿ ನಮ್ ಗೋಲ್‌ಕೀಪರ್ ಕತ್ಗೂ ಒಂದ್ ಹಾರ ಹಾಕ್ಬುಡನ ಕಣ್ಲಾ, ಆಗ ಬರ್ಕತನೆ” ಅಂತ ಹಮಾಲಿ.

ಒಂದು ವರ್ಷ ಟೂರ್ನಮೆಂಟಿಗೆ ಕೇರಳದ ಕಡೆಯ ತಂಡವೊಂದು ಆಫ್ರಿಕಾದ ಆಟಗಾರನನ್ನು ಕರೆತಂದಿತ್ತು. ಅಂಥ ಓಟವನ್ನು ನಾನು ಕಂಡಿರಲಿಲ್ಲ. ಆದರೆ ಅವನು ಚೆಂಡು ಮುಟ್ಟಿದಾಗಲೆಲ್ಲ ಜನ ಊಳಿಟ್ಟರು, ಕಾಡಿನ ಪ್ರಾಣಿಯ ಹಾಗೆ ಸದ್ದು ಮಾಡಿದರು, “ಲೇ ಕರಿಯಾ” ಅಂತ ಕೂಗಿದರು. ನಮ್ಮ ಹಮಾಲಿಯ ಗಂಟಲೇ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ಅದರಲ್ಲಿ ದ್ವೇಷವೇನೂ ಇದ್ದಂತೆ ಕಾಣಲಿಲ್ಲ. ನಗುತ್ತಲೇ ಕೂಗುತ್ತಿದ್ದರು. ಅವನು ಎಲ್ಲ ಗೋಲನ್ನೂ ಹೊಡೆದು, ಒಂದು ಸಲವೂ ನಮ್ಮ ಕಡೆ ನೋಡದೆ, ಬಾಟಲಿಯ ನೀರನ್ನು ತಲೆಗೆ ಸುರಿದುಕೊಂಡು ಹೋದ. ಮಾರನೇ ದಿನ ಪೇಪರಿನಲ್ಲಿ ‘ಗುಂಡ್ಲುಪೇಟೆಯಲ್ಲಿ ಕರಿಚಿರತೆಯ ಆರ್ಭಟ’ ಅಂತ ಬಂತು. ಮರದ ಕೆಳಗೆ ಅದನ್ನು ಓದಿದ್ದು ನನ್ನ ಮೊಮ್ಮಗಳೇ. ಓದಿ ಮುಗಿಸಿ, ಪೇಪರನ್ನು ಹಿಂದೆ ಮುಂದೆ ತಿರುಗಿಸಿ, “ಅಜ್ಜಿ, ಅವರಿಗೆ ಹೆಸರಿಲ್ವಾ?” ಅಂದಳು.

ನಮ್ಮಲ್ಲಿ ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ.

ಹೋದ ವರ್ಷ ಚಾಮರಾಜನಗರದಲ್ಲಿ ಹೈಸ್ಕೂಲು ಹುಡುಗಿಯರ ಫೈನಲ್ ಇತ್ತು. ಮರದ ಕೆಳಗಿನ ಗುಂಪೆಲ್ಲ ಈರುಳ್ಳಿ ಇಳಿಸಿ ಬಂದ ಟೆಂಪೋ ಹತ್ತಿ ಹೋಯಿತು. ನಾನೂ ಹೋದೆ. ಕೊನೆಯ ಗಳಿಗೆಯಲ್ಲಿ ನನ್ನ ಮೊಮ್ಮಗಳು ಗೋಲು ಹೊಡೆದಾಗ ನಾನು ಪಕ್ಕದಲ್ಲಿದ್ದ ಹಮಾಲಿಯ ಬೆನ್ನಿಗೆ ಗುದ್ದಿದ ಗುದ್ದಿಗೆ ಅವನು ಕೆಮ್ಮಿಬಿಟ್ಟ. ಮಾರನೇ ದಿನ ಪೇಪರಿನಲ್ಲಿ ಅವಳ ಫೋಟೋ ಬಂತು. ಮೇಲೆ ದಪ್ಪ ಅಕ್ಷರ: ‘ಹಂಗಳದ ಕರಿಚಿರತೆ’. ಕೆಳಗೆ, ಆಫ್ರಿಕಾದವಳಂತೆ ಕಾಣುವ ಈ ಬಾಲಕಿ ಎದುರಾಳಿಗಳನ್ನು ಬೆಚ್ಚಿಬೀಳಿಸಿದಳು ಅಂತ. ವೇದಿಕೆಯಲ್ಲಿ ಕೂತವರ ಹೆಸರೆಲ್ಲ ಇತ್ತು. ಅವಳ ಹೆಸರು ಇರಲಿಲ್ಲ.

ಹಮಾಲಿ ಖುಷಿಯಿಂದ ಪೇಪರಿನ ಕಟ್ಟನ್ನೇ ಹೊತ್ತು ತಂದಿದ್ದ. “ಚಿರತೆ ಅಂತ ಬರ್ದವ್ನೆ ಕಣಮ್ಮಿ, ಸುಮ್ನೆನಾ?” ಅಂದ. ಅವಳು ಓದಿದಳು, ಮಡಿಸಿ ಅವನ ಕೈಗೇ ಕೊಟ್ಟಳು. ಮಾರನೇ ದಿನ ಸ್ಕೂಲಿನಲ್ಲಿ ಹುಡುಗರು ಆ ಆಫ್ರಿಕಾದ ಆಟಗಾರನಿಗೆ ಜನ ಮಾಡಿದ ಸದ್ದನ್ನೇ ಅವಳಿಗೂ ಮಾಡಿದರಂತೆ. ಸಂಜೆ ಅವಳು ಬೂಟನ್ನು ಅಟ್ಟದ ಮೇಲೆ ಎಸೆದಳು.

ಆಮೇಲೆ ದಿನಾ ಅದೇ. ಸ್ಕೂಲಿಗೆ ಹೋಗುವಳು, ಬರುವಳು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಒಂದು ದಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಒಳಗೆ ನೋಡಿದರೆ, ನಾನು ಪಾತ್ರೆ ತಿಕ್ಕುವ ತೆಂಗಿನ ನಾರಿಗೆ ಕಡಲೆಹಿಟ್ಟು ಹಚ್ಚಿಕೊಂಡು ಕೆನ್ನೆ ಉಜ್ಜಿಕೊಳ್ಳುತ್ತಿದ್ದಾಳೆ. ಚರ್ಮ ಕಿತ್ತು ಬಂದಿತ್ತು. ನಾರನ್ನು ಕಿತ್ತುಕೊಂಡೆ. ಅವಳು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. “ಅಜ್ಜಿ, ನೀನ್ಯಾಕೆ ನಂಗೆ ನಿನ್ ಬಣ್ಣ ಕೊಟ್ಟೆ?” ಅಂದಳು.

ನನಗೆ ಅರವತ್ತು ದಾಟಿದೆ. ಗಂಡ ಹೋದಾಗ, ನಡು ಮಗಳು ಹೋದಾಗ ಅತ್ತಿದ್ದೇನೆ. ಆ ಮಾತಿಗೆ ಅಳುವುದಕ್ಕೂ ಆಗಲಿಲ್ಲ. ಕೊಬ್ಬರಿ ಎಣ್ಣೆ ತಂದು ಅವಳ ಕೆನ್ನೆಗೆ ಹಚ್ಚಿದೆ. ನನ್ನ ಬೆರಳೂ ಅವಳ ಕೆನ್ನೆಯೂ ಒಂದೇ ಬಣ್ಣ. ಎಲ್ಲಿ ಬೆರಳು ಮುಗಿಯಿತು, ಎಲ್ಲಿ ಕೆನ್ನೆ ಶುರುವಾಯಿತು ಅಂತ ನನಗೇ ಕಾಣುತ್ತಿರಲಿಲ್ಲ.

ಕೆನ್ನೆಯ ವಿಷಯವನ್ನು ಮರದ ಕೆಳಗೆ ಹೇಳಿದೆ. ಅವತ್ತೇ ಹಮಾಲಿಯೂ ಬೇಕರಿಯವನೂ ನನ್ನನ್ನು ಮುಂದೆ ಮಾಡಿಕೊಂಡು ಪೇಪರಿಗೆ ಬರೆಯುವವನ ಹತ್ತಿರ ಹೋದರು. ಅವನಿಗೆ ಬರೆಯುವುದೊಂದೇ ಕೆಲಸವಲ್ಲ. ಒಂದು ಫೋಟೋ ಸ್ಟುಡಿಯೋ ಇದೆ, ಅದರಿಂದಲೇ ಹೊಟ್ಟೆ ನಡೆಯುವುದು.

“ಹೊಗಳೇ ಬರ್ದಿರದು ಕಣಜ್ಜಿ, ಬೈದಿದ್ದೀನಾ?” ಅಂದ.

“ಅಲ್ಲಾ ಸಾ, ಕ್ರಿಕೆಟ್ಟಲ್ಲಿ ಬ್ಯಾಟಿಂಗ್ ಮಾಡೋ ಬೆಳ್ಳನ್ ಹುಡುಗನ್ನ ಬಿಳಿ ಎಮ್ಮೆ ಅಂತ ಬರ್ದಿದ್ರಾ?” ಅಂತ ಹಮಾಲಿ ಕೇಳಿದ.

“ನೀನೇ ಅಲ್ವೇನಯ್ಯಾ ಅವತ್ತು ಮೈದಾನದಲ್ಲಿ ಎಲ್ರಿಗಿಂತ ಜೋರಾಗಿ ಕರಿಯಾ ಅಂತ ಕೂಗಿದ್ದು? ನೀನು ಕೂಗಿದ್ದನ್ನ ನಾನು ಬರ್ದೆ.”

ಹಮಾಲಿ ತಲೆ ತಗ್ಗಿಸಿದ. ಬೇಕರಿಯವನು ಮೆಲ್ಲಗೆ, “ಅವಳ ಹೆಸರು ಆದರೂ ಹಾಕಬಹುದಿತ್ತು ಅಲ್ಲವಾ?” ಅಂದ.

“ಜಾಗ ಇರಲಿಲ್ಲ” ಅಂದ ಅವನು. “ಅಜ್ಜಿ, ನಾನೂ ಕಪ್ಪಗೇ ಇದ್ದೀನಿ, ನಂಗೇನು ಬೇರೆ ಭಾವನೆ ಇದೆಯಾ?” ನಿಜ, ಅವನೂ ಕಪ್ಪೇ. ಆದರೆ ಅವನ ತಲೆಯ ಮೇಲೆ ಗೋಡೆಯಲ್ಲಿ ತೂಗುಹಾಕಿದ್ದ ಅವನದೇ ಮದುವೆಯ ಫೋಟೋದಲ್ಲಿ ಅವನು ಹಾಲಿನ ಹಾಗೆ ಬೆಳ್ಳಗಿದ್ದ. ನಾನು ಆ ಫೋಟೋ ನೋಡುತ್ತಾ ನಿಂತೆ. ಆಮೇಲೆ ವಾಪಸು ಬಂದೆ.

ಮಳೆಗಾಲವೆಲ್ಲ ಬೂಟು ಅಟ್ಟದ ಮೇಲೇ ಇತ್ತು. ಒಂದು ಭಾನುವಾರ ತಂಡದ ಹುಡುಗಿಯರು ಬಾಗಿಲಿಗೆ ಬಂದು, “ಬಾರೇ, ಒಬ್ಳು ಕಮ್ಮಿ ಬಿದ್ದವ್ಳೆ” ಅಂತ ಕರೆದರು. ಅಷ್ಟೇ ಕರೆದದ್ದು. ಇವಳು ಅಟ್ಟಕ್ಕೆ ಏಣಿ ಹಾಕಿದಳು. ಬೂಟಿನೊಳಗೆ ಇಲಿಯೊಂದು ಹತ್ತಿ ತಂದು ತುಂಬಿ ಗೂಡು ಮಾಡಿತ್ತು. ಅವತ್ತು ಮರದ ಕೆಳಗಿನವರಿಂದ ಒಂದು ಮಾತು ತೆಗೆದುಕೊಂಡಳು. ಇನ್ನು ಮೇಲೆ ತನ್ನ ವಿಷಯ ಪೇಪರಿಗೆ ಹೋಗಬಾರದು. ಎಲ್ಲರೂ ಒಪ್ಪಿದರು. ಈ ವರ್ಷ ಕಾಲೇಜಿಗೆ ಅಂತ ಚಾಮರಾಜನಗರದ ಹಾಸ್ಟೆಲ್ ಸೇರಿ ಅಲ್ಲೇ ಆಡಿದಳು. ಆಡಿ ಈಗ ರಾಜ್ಯದ ತಂಡಕ್ಕೆ ಬಂದು ಮುಟ್ಟಿದ್ದಾಳೆ.

ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬರುತ್ತಾಳೆ ಅಂತ ನಾನೂ ಮಗನೂ ಗುಂಡ್ಲುಪೇಟೆಗೆ ಹೋದೆವು. ಮಗ ಬದನಗುಪ್ಪೆಯ ಕಾರ್ಖಾನೆಗೆ ರಜೆ ಹಾಕಿದ್ದ. ಮರದ ಕೆಳಗಿನವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದರು. ಕೊಟ್ಟ ಮಾತಿನಂತೆ ಪೇಪರಿಗೆ ಹೇಳಿರಲಿಲ್ಲ. ಅದರ ಬದಲು ಒಂದು ಫ್ಲೆಕ್ಸ್ ಮಾಡಿಸಿ ಎರಡು ಕಂಬಕ್ಕೆ ಕಟ್ಟಿದ್ದರು. ನಮ್ಮ ಕಡೆ ಮದುವೆಗೂ ಫ್ಲೆಕ್ಸೇ, ಸಾವಿಗೂ ಫ್ಲೆಕ್ಸೇ. ಅದನ್ನು ಮಾಡುವ ಅಂಗಡಿಯಲ್ಲಿ ಯಾರ ಮುಖ ಕೊಟ್ಟರೂ ಕೇಳದೆಯೇ ಬೆಳ್ಳಗೆ ಮಾಡುತ್ತಾರೆ, ಅದು ಅವರ ಮರ್ಯಾದೆ. ಕೆಳಗಿನ ಸಾಲಿನಲ್ಲಿ ಶುಭ ಕೋರುವವರ ಫೋಟೋಗಳು. ಹಮಾಲಿ ಬಿಳೀ ಮೂಲಂಗಿಯ ಹಾಗಿದ್ದ. ನಡುವೆ ಜರ್ಸಿ ಹಾಕಿಕೊಂಡ ಒಬ್ಬ ಹುಡುಗಿ. ಹಾಲಲ್ಲಿ ಅದ್ದಿ ತೆಗೆದ ಹಾಗೆ, ತುಟಿ ಕೆಂಪಗೆ.

ಬಸ್ಸು ಬಂತು. ಅವಳು ಬ್ಯಾಗು ಹೊತ್ತು ಇಳಿದಳು, ನಗುತ್ತಲೇ ಇಳಿದಳು. ನನ್ನ ಕೊರಳಿಗೆ ಬಿದ್ದಳು. ಹಮಾಲಿ ಹೆಮ್ಮೆಯಿಂದ ಮೇಲಕ್ಕೆ ಕೈ ತೋರಿಸಿದ. ಅವಳು ತಲೆಯೆತ್ತಿ ನೋಡಿ, “ಅಜ್ಜಿ, ಇದ್ಯಾರು?” ಅಂದಳು.

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿ ಗೊತ್ತಾಗಿರಲಿಲ್ಲ. ಆಮೇಲೆ ಕೆಳಗಿದ್ದ ಹೆಸರು ಓದಿಕೊಂಡಳು. ನಗು ಎಲ್ಲಿ ಹೋಯಿತೋ.

“ಇವತ್ತಾದ್ರೂ ನಿಂಗೆ ಬೇಜಾರಾಗ್ಬಾರ್ದು ಅಂತ್ಲೇ ಕಣವ್ವ” ಅಂದ ಹಮಾಲಿ. “ಅವ್ರು ಮಾಮೂಲಿ ಬೆಳ್ಳಗ್ ಮಾಡಿದ್ರು. ನಾನೇ ಪಕ್ದಲ್ ಕೂತ್ಕಂಡು, ಇನ್ನೂ ಒಸಿ ಮಾಡು, ಇನ್ನೂ ಒಸಿ ಮಾಡು ಅಂತ ಮಾಡುಸ್ದೆ.”

“ಆಡಿದ್ದು ಇವ್ಳಾ, ನಾನಾ?” ಅಂದಳು ಅವಳು.

ಹಮಾಲಿ ಫ್ಲೆಕ್ಸನ್ನೂ ಅವಳನ್ನೂ ಒಂದೊಂದು ಸಲ ನೋಡಿದ. “ಪೇಪರಲ್ಲಿ ಹೆಸರಿರ್ಲಿಲ್ಲ, ಮುಖ ಇತ್ತು. ಇಲ್ಲಿ ಹೆಸರದೆ, ಮುಖ ಇಲ್ಲ. ಕ್ಯಾಂಪಿಗೆ ಇವ್ಳನ್ನೇ ಕಳ್ಸಿ, ನಾನು ಹೋಗಲ್ಲ” ಅಂದು ಹಂಗಳದ ಬಸ್ಸು ನಿಲ್ಲುವ ಕಡೆ ನಡೆದುಬಿಟ್ಟಳು.

ನನಗೆ ಆ ಹಮಾಲಿಯನ್ನು ಬೈಯಲು ಆಗಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಮಗುವಿಗೆ ಒಳ್ಳೆಯದಾಗಲಿ ಅಂತ ಅವನು ಮಾಡಿದ್ದು. ಆ ಒಳ್ಳೆಯದರಲ್ಲಿ ಅವಳೂ ಇರಲಿಲ್ಲ, ನಾನೂ ಇರಲಿಲ್ಲ.

ಮನೆಗೆ ಬಂದವಳು ಹಸುವಿನ ಹತ್ತಿರ ಕೂತಳು. ನಾನು ಕ್ಯಾಂಪಿನ ಮಾತೆತ್ತಲಿಲ್ಲ. ಸೊಸೆ ನಾಟಿ ಕೋಳಿ ಸಾರಿಗೆ ಇಟ್ಟಿದ್ದಳು, ಸಂತೋಷಕ್ಕೆ ಅಂತ ತಂದ ಕೋಳಿ. ಸಂಜೆಯಾಗುವಾಗ ಹಮಾಲಿಯೂ ಬೇಕರಿಯವನೂ ಬಂದು ಅಂಗಳದ ಆಚೆ ನಿಂತರು. ಹಮಾಲಿಯ ಕಂಕುಳಲ್ಲಿ ಸುತ್ತಿದ ಫ್ಲೆಕ್ಸ್.

“ಇಳುಸ್ಬುಟ್ಟೆ ಕಣಜ್ಜಿ. ಇದನ್ನ ಏನ್ ಮಾಡ್ಲಿ, ಅವ್ಳನ್ನೇ ಕೇಳು.”

ಅವಳು ಹಸುವಿನ ಹತ್ತಿರದಿಂದ ಎದ್ದು ಬಂದಳು. ಅವನ ಕೈಯಿಂದ ಅದನ್ನು ತೆಗೆದುಕೊಂಡು, ಅಂಗಳದಲ್ಲಿ ಬಿಡಿಸಿ, ಮುಖ ನೆಲದ ಕಡೆ ಬರುವಂತೆ ಮಗುಚಿ ಹಾಸಿದಳು. “ಕೂತ್ಕೊಳಿ ಮಾವ. ಒಳಗೆ ಇಷ್ಟು ಜನಕ್ಕೆ ಜಾಗ ಸಾಲಲ್ಲ” ಅಂದಳು. ಹಮಾಲಿ ಅದರ ಅಂಚಿನಲ್ಲಿ, ತುಳಿಯಲು ಹೆದರುವವನ ಹಾಗೆ ಕೂತ.

ಮಗ, ಸೊಸೆ, ಬೇಕರಿಯವನು, ಎಲ್ಲರೂ ಸುತ್ತ ಕೂತೆವು. ಅವಳು ನನ್ನ ಪಕ್ಕ. ಮುದ್ದೆ ಮುರಿಯುವಾಗ ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅವಳು ಮೊದಲ ಮುದ್ದೆ ಮುಗಿಸಿ, ತಟ್ಟೆ ಮುಂದಕ್ಕೆ ಚಾಚಿ, ಯಾರ ಮುಖವನ್ನೂ ನೋಡದೆ, “ಅಪ್ಪ, ಕ್ಯಾಂಪಿಗೆ ಹೊಸ ಸಾಕ್ಸ್ ಬೇಕು, ಹಳೇದು ತೂತಾಗದೆ” ಅಂದಳು.

“ತರನ ಬುಡವ್ವ” ಅಂದ ಮಗ. ನಾನು ಅವಳ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಮೇಲೆ ಸಾರು ಬಿಟ್ಟೆ.