ಗೋಡೆ ಕಡೆಯ ಜಾಗ

ನಮ್ಮ ಸೋದರತ್ತೆ ಟೇಲರ್. ಬೀದಿಯ ತಿರುವಿನಲ್ಲಿ ಅವಳದೊಂದು ಇಕ್ಕಟ್ಟಿನ ಅಂಗಡಿ, ಹಳೇ ಹೊಲಿಗೆ ಮಷೀನು, ಕೊರಳಲ್ಲಿ ಸದಾ ಅಳತೆಯ ಟೇಪು. ಆದರೆ ಜನ ಅವಳನ್ನು ಹುಡುಕಿಕೊಂಡು ಓಡಿಬರುತ್ತಿದ್ದುದು ಬಟ್ಟೆಗಿಂತ ಹೆಚ್ಚಾಗಿ ಸಾವಿಗೆ. ಯಾರ ಮನೆಯಲ್ಲಿ ಯಾರು ಹೋದರೂ ಮಷೀನಿಗೆ ಬಟ್ಟೆ ಮುಚ್ಚಿ ಹೊರಟುಬಿಡುತ್ತಿದ್ದಳು. ಡಾಕ್ಟರ ಕಾಗದಕ್ಕೆ ಒಬ್ಬ, ಸ್ಮಶಾನದ ಆಫೀಸಿಗೆ ಒಬ್ಬ, ನೆಂಟರಿಗೆ ಫೋನು ಮಾಡಲು ಇನ್ನೊಬ್ಬ ಎಂದು ಅಟ್ಟುತ್ತಿದ್ದಳು.

"ಅಳೋಕೆ ಜೀವಮಾನ ಪೂರ್ತಿ ಇದೆ. ಮೊದಲು ಕೆಲಸ ನೋಡಿ," ಎನ್ನುತ್ತಿದ್ದಳು. ನಮ್ಮಪ್ಪನಂತೂ ಅಕ್ಕ ಎಂದರೆ ಬಾಲ ಮುದುರಿಕೊಳ್ಳುವ ಪೈಕಿ.

ಅಜ್ಜ ತೀರಿಕೊಂಡ ದಿನವೂ ಹಾಗೆಯೇ. ಸತ್ತದ್ದು ಸ್ವಂತ ಅಪ್ಪ ಎಂಬುದನ್ನೇ ಮರೆತವಳಂತೆ ಅವನ ಕೋಟಿನ ಗುಂಡಿ ಹೊಲಿಯುತ್ತಾ ಎಲ್ಲರಿಗೂ ಕೆಲಸ ಹಂಚಿದಳು. ಅಪ್ಪ, ಚಿಕ್ಕಪ್ಪ ಸ್ಮಶಾನಕ್ಕೆ ಹೋಗಿ ಇಬ್ಬರಿಗಾಗುವಷ್ಟು ಜಾಗ ಗೊತ್ತುಮಾಡಿ, ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಅಜ್ಜನ ಕುಳಿ ಅಗೆಸಿ ಬಂದರು. ಅದರ ಮಗ್ಗುಲಿನದು ಮುಂದೆ ಅಜ್ಜಿಗೆ.

ಎಲ್ಲ ಸಿದ್ಧವಾಯಿತು. ಅಜ್ಜಿ ಮಾತ್ರ ಅಜ್ಜನನ್ನು ಮಲಗಿಸಿದ್ದ ಮಂಚದ ಪಟ್ಟಿ ಹಿಡಿದು ಕೂತವಳು ಬಿಡಲೊಲ್ಲಳು. ಬಾಯಿಯನ್ನೂ ಬಿಡಲೊಲ್ಲಳು. ಎಲ್ಲರೂ ಗೋಗರೆದದ್ದಾಯಿತು.

"ಹೊತ್ತಾಗ್ತಿದೆ, ಕೈ ಬಿಡಿಸೋಣ," ಎಂದ ಚಿಕ್ಕಪ್ಪ.

ಅತ್ತೆ ಅವನನ್ನು ದುರುಗುಟ್ಟಿ ನೋಡಿ, ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. "ಅಮ್ಮ, ಏನಾಗ್ಬೇಕು ಹೇಳು."

"ಗೋಡೆ ಕಡೆ ಅಗೆಸಿದ್ದಾರಂತೆ," ಎಂದಳು ಅಜ್ಜಿ. "ಮದುವೆ ಆದಾಗಿನಿಂದ ಗೋಡೆ ಕಡೆ ಮಲಗಿರೋಳು ನಾನು. ಈಚೆ ಕಡೆ ಅವರು. ನಂಗೆ ಈಚೆ ನಿದ್ದೆ ಬರಲ್ಲ."

ಅತ್ತೆ ನಮ್ಮಪ್ಪನತ್ತ ತಿರುಗಿದಳು. "ಮುಚ್ಚಿಸು. ಪಕ್ಕದಲ್ಲಿ ಅಗೆಸು."

"ಅಗೆಯೋರು ಬೈತಾರಕ್ಕ."

"ಬೈಸ್ಕೋ."

ಅಪ್ಪ ಬೈಸಿಕೊಂಡೇ ಅಗೆಸಿದ. ಮೂರು ಗಂಟೆ ತಡವಾಯಿತು. ಆ ಮೂರು ಗಂಟೆಯನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ತುಂಬಿದಂತಾಗುತ್ತದೆ. ಅಜ್ಜಿ ಮಾತಾಡಿದ್ದೇ ಮಾತಾಡಿದ್ದು. ಅಜ್ಜನ ಗೊರಕೆ, ಹೊದಿಕೆಗಾಗಿ ಜಗಳ, ಅವಳು ನೀರಿಗೆಂದು ಎದ್ದಾಗಲೆಲ್ಲ ಅವನು ನಿದ್ದೆಗಣ್ಣಲ್ಲೇ ಕಾಲು ಮಡಚಿ ದಾರಿ ಬಿಡುತ್ತಿದ್ದುದು. ಬಂದ ನೆಂಟರು ಸಾವಿನ ಮನೆ ಎಂಬುದನ್ನೂ ಮರೆತು ನಕ್ಕರು. ಆ ಮನೆ, ಆ ಮಂಚ, ಆ ಜನ ಈಗ ಯಾವುದೂ ಇಲ್ಲ.

ಅಪ್ಪ ಬಂದು ಅಗೆದಾಯಿತು ಎಂದ. ಅಜ್ಜಿ ತಾನಾಗಿಯೇ ಮಂಚದ ಪಟ್ಟಿ ಬಿಟ್ಟಳು. ಅಜ್ಜನ ಕೋಟಿನ ಕಾಲರ್ ಸರಿಮಾಡಿ, "ನೀವು ನಡೀತಿರಿ. ನನ್ನ ಜಾಗಕ್ಕೆ ಯಾರನ್ನೂ ಬಿಡ್ಬೇಡಿ," ಎಂದಳು.

ಅಷ್ಟು ಕೇಳಿದ್ದೇ ತಡ, ಅತ್ತೆ ಅಪ್ಪನ ಹೆಗಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.